ಲಂಕೆಯಲ್ಲಿ ಟೀಚರ್ ಹಿಡಿದ ಬಾಡಿಗೆ ಕಾರು

ನಮ್ಮ ಟೀಚರ್ ಅವರ ಎಡಗೈ ಬಲಗೈಗಿಂತ ಕಪ್ಪು. ಮೊಣಕೈಯಿಂದ ಬೆರಳ ತುದಿಯವರೆಗೆ ಬಿಸಿಲಿಗೆ ಸುಟ್ಟುಹೋಗಿತ್ತು. ಇಪ್ಪತ್ತೆಂಟು ವರ್ಷ ಅವರು ಡ್ರೈವಿಂಗ್ ಸ್ಕೂಲಿನ ಕಾರಿನ ಎಡಗಡೆ ಸೀಟಿನಲ್ಲಿ ಕೂತು, ಕಿಟಕಿಯ ಮೇಲೆ ಕೈಯಿಟ್ಟು, ಪನಮರಂ ಸುತ್ತಮುತ್ತಲ ಹೆಂಗಸರಿಗೆ ಕಾರು ಕಲಿಸಿದವರು. ಅವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತಿತ್ತು. ನಾವು ತಪ್ಪಿದರೆ ಅದನ್ನು ಒತ್ತುವರು, ಒತ್ತಿದ ಮೇಲೆ ಬೈಯುವರು. ಅವರೂ ನಮ್ಮ ಹಾಗೆ ಮೈಸೂರು ಕಡೆಯಿಂದ ಬಂದು ಈ ಮಲಯಾಳ ಸೀಮೆಯಲ್ಲಿ ನೆಲೆಸಿದ ಮನೆಯವರು, ಹಾಗಾಗಿ ನಮಗೆ ಬೈಗುಳ ಕನ್ನಡದಲ್ಲಿ. ಸಿಟ್ಟು ಏರಿದರೆ ಮಲಯಾಳದಲ್ಲಿ.

ನನಗೆ ಲೈಸೆನ್ಸ್ ಸಿಕ್ಕಿದ್ದು ಅವರಿಂದ. ಸಿಕ್ಕ ವಾರವೇ ಹಾಲಿನ ಸೊಸೈಟಿಯ ಗೋಡೆಗೆ ಕಾರು ಉಜ್ಜಿದೆ. ಅಂದಿನಿಂದ ಕೀಲಿ ನನ್ನ ಗಂಡನ ಜೇಬು ಸೇರಿತು. ಅವರೇನೂ ಕೆಟ್ಟವರಲ್ಲ. ಕೇಳಿದಾಗಲೆಲ್ಲ ಒಂದು ಕಾರಣವಿರುತ್ತಿತ್ತು: ಮಳೆ, ಘಾಟಿಯ ತಿರುವು, ಚೇಕಾಡಿ ದಾರಿಯ ಆನೆ. ನಾನು ಹೊಲಿಗೆ ಅಂಗಡಿಯ ಬಟ್ಟೆಗಂಟು ಹೊತ್ತು ಒಂಬತ್ತು ವರ್ಷ ಬಸ್ಸಿಗೆ ಕಾದೆ.

ಟೀಚರ್ ರವಿಕೆ ಹೊಲಿಸಲು ಬಂದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು, ಈ ವಾರ ಎಲ್ಲಿಗೆ ಕಾರು ಓಡಿಸಿದೆ ಅಂತ. ನಾನು ತಲೆ ತಗ್ಗಿಸಿ ಅಳತೆ ತೆಗೆಯುತ್ತಿದ್ದೆ. ‘ಹಂಗಾದ್ರೆ ನಾನು ಕಲಿಸಿದ್ದು ಯಾರಿಗೆ?’ ಎಂದು ಕೇಳಿ ಹೋಗುವರು.

ಅರವತ್ತನಾಲ್ಕನೇ ವಯಸ್ಸಿಗೆ ಅವರು ಸ್ಕೂಲು ಮುಚ್ಚಿದರು. ಮುಚ್ಚಿದ ಮರುದಿನ ಅಂಗಡಿಗೆ ಬಂದು, ತಾವು ಶ್ರೀಲಂಕೆಗೆ ಹೋಗುವುದಾಗಿಯೂ ಅಲ್ಲೊಂದು ಸಣ್ಣ ಕಾರು ಬಾಡಿಗೆಗೆ ಹಿಡಿದು ವಾರವಿಡೀ ತಾವೇ ಓಡಿಸುವುದಾಗಿಯೂ ಹೇಳಿದರು. ಜೊತೆಗೆ ನಾನು ಬರಬೇಕು, ಕೇಣಿಚಿರದಲ್ಲಿ ಬೇಕರಿ ನಡೆಸುವ ಶಾಂತಾ ಬರಬೇಕು. ಅವಳದೂ ನನ್ನದೇ ಕಥೆ, ಲೈಸೆನ್ಸ್ ಇದೆ, ಓಡಿಸಿಲ್ಲ. ಮೈಸೂರೇ ಹತ್ತಿರವಿರುವಾಗ ಲಂಕೆ ಯಾಕೆ ಟೀಚರ್ ಎಂದೆ.

‘ಮೈಸೂರಿಗೆ ಹೋದ್ರೆ ನಿನ್ನ ಗಂಡ, ನಿನ್ನಣ್ಣ, ಮೈದುನ, ಎಲ್ರೂ ಒಂದೊಂದು ತಿರುವಲ್ಲಿ ಸಿಗ್ತಾರೆ ಮೋಳೆ. ಅಲ್ಲಿ ಯಾರೂ ಸಿಗಲ್ಲ.’ ಮಗಳೇ ಎನ್ನಲು ಅವರು ಮೋಳೆ ಎನ್ನುವರು.

ನನ್ನ ಗಂಡ ಮೊದಲು ನಕ್ಕರು. ನಾನು ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ ಮೇಲೆ ಎರಡು ದಿನ ಮಾತು ಬಿಟ್ಟರು. ನಾನೂ ಬಿಟ್ಟೆ.

ಕೊಲಂಬೊದ ಬಾಡಿಗೆ ಕಾರಿನ ಅಂಗಡಿಯವನು ಮೊದಲು ನಮ್ಮ ಬೆನ್ನ ಹಿಂದೆ ನೋಡಿದ. ಯಾರೂ ಬರದಿದ್ದಾಗ, ಸಾರ್ ಎಲ್ಲಿ ಎಂದು ತಮಿಳಿನಲ್ಲಿ ಕೇಳಿದ. ಟೀಚರಿಗೆ ತಮಿಳು ಬರುತ್ತಿತ್ತು. ಊರಿನಿಂದ ಮಾಡಿಸಿಕೊಂಡು ಬಂದ ಅಂತರರಾಷ್ಟ್ರೀಯ ಲೈಸೆನ್ಸ್, ಅದಕ್ಕೆ ಅಲ್ಲಿನ ಕಚೇರಿ ಕೊಟ್ಟ ಒಪ್ಪಿಗೆ ಪತ್ರ, ಕಾರು ಕಾದಿರಿಸಿದ ಕಾಗದ, ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರು. ಅವನು ಒಂದನ್ನೂ ಓದಲಿಲ್ಲ. ಮೇಲಿನ ಗುಡ್ಡಗಳ ದಾರಿ ಕಷ್ಟ, ನಿಮಗೆ ವಯಸ್ಸಾಗಿದೆ, ಸಣ್ಣ ಕಾರು ಸದ್ಯಕ್ಕಿಲ್ಲ, ದೊಡ್ಡದಕ್ಕೆ ಒಬ್ಬ ಡ್ರೈವರನ್ನೂ ಕೊಡುತ್ತೇನೆ ಎಂದ. ಸಣ್ಣ ಕಾರು ಅವನ ಹಿಂದೆಯೇ ಅಂಗಳದಲ್ಲಿ ನಿಂತಿತ್ತು.

‘ಡ್ರೈವರ್ ಬಂದಾಯ್ತು, ನಾನೇ’ ಎಂದರು ಟೀಚರ್.

ಅಷ್ಟು ಹೇಳಿ ಹೊರಗೆ ಬಂದು, ಕಾರು ಹೊರಡುವ ದಾರಿಗೆ ಅಡ್ಡವಾಗಿ ನೆಲದ ಮೇಲೆ ಕೂತರು. ಚೀಲದಿಂದ ಅವಲಕ್ಕಿ ತೆಗೆದು ನಮಗೂ ಕೊಟ್ಟರು. ಶಾಂತಾ, ಡ್ರೈವರನ್ನೇ ಒಪ್ಪಿಕೊಳ್ಳೋಣ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಟೀಚರ್ ಅವಳನ್ನು ನೋಡಿದ ನೋಟಕ್ಕೆ ಅವಳ ಬಾಯಿಯ ಅವಲಕ್ಕಿ ಅಲ್ಲೇ ನಿಂತಿತು. ಒಂದೂವರೆ ಗಂಟೆಯಾದ ಮೇಲೆ ಅವನು ಕೀಲಿ ತಂದ. ಟೀಚರ್ ತಕ್ಷಣ ಹತ್ತಲಿಲ್ಲ. ಕಾರಿನ ಸುತ್ತ ನಡೆದು ಒಂದೊಂದು ಗೀರಿಗೂ ತಗ್ಗಿಗೂ ಫೋಟೊ ತೆಗೆದು, ಎಲ್ಲವನ್ನೂ ಅವನ ಕೈಯಲ್ಲೇ ಬರೆಸಿ ಸಹಿ ಹಾಕಿಸಿಕೊಂಡರು.

ಎರಡು ದಿನ ಅವರೇ ಓಡಿಸಿದರು. ಅಷ್ಟು ವರ್ಷ ಪಕ್ಕದಲ್ಲಿ ಕೂತವರು ಈಗ ಸ್ಟಿಯರಿಂಗ್ ಹಿಡಿದು ಒಂದು ಮಾತೂ ಆಡಲಿಲ್ಲ. ಅವರು ಬೈಯದೇ ಇದ್ದ ದಿನಗಳನ್ನು ನಾನು ಕಂಡದ್ದು ಅವೆರಡೇ. ಮೂರನೆಯ ದಿನ ಟೀ ತೋಟಗಳ ಏರು ಶುರುವಾಗುವಲ್ಲಿ ಕಾರು ನಿಲ್ಲಿಸಿ, ಇಳಿದು, ಸುತ್ತಿ ಬಂದು ನನ್ನ ಬಾಗಿಲು ತೆಗೆದರು.

ನನಗೆ ಹೆದರಿಕೆ, ಆಗದು ಎಂದೆ.

‘ಪೇಡಿ ಇರ್ಲಿ, ಪರವಾಗಿಲ್ಲ. ಪೇಡಿ ಇಟ್ಕೊಂಡೇ ಓಡ್ಸು. ಒಂದು ನೆನಪಿಟ್ಕೋ, ಈ ವಂಡಿಯಲ್ಲಿ ನನ್ನ ಕಾಲ ಕೆಳಗೆ ಬ್ರೇಕಿಲ್ಲ.’

ನಾಲ್ಕು ತಿರುವು ದಾಟಿದೆ. ಐದನೆಯದರಲ್ಲಿ ಮೇಲಿನಿಂದ ಬಸ್ಸೊಂದು ಬಂದು ಎದುರಿಗೇ ನಿಂತಿತು. ಇಬ್ಬರಿಗೆ ಜಾಗವಿರಲಿಲ್ಲ. ಚಾಲಕ ಕೈ ಹೊರಹಾಕಿ, ಹಿಂದೆ ಹೋಗು ಎಂದು ಬೀಸಿದ. ನಾನು ಬ್ರೇಕ್ ಬಿಟ್ಟೆನೋ ಏನೋ, ಕಾರು ಮೊಳದಷ್ಟು ಹಿಂದಕ್ಕೆ ಜಾರಿತು. ಹಿಂದಿನ ಸೀಟಿನಲ್ಲಿ ಶಾಂತಾ ದೇವರನ್ನು ಕರೆದಳು. ಟೀಚರ್ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದರು.

‘ಹ್ಯಾಂಡ್‌ಬ್ರೇಕ್ ಎಳಿ. ಹತ್ತೋ ವಂಡಿಗೆ ಇಳಿಯೋ ವಂಡಿ ದಾರಿ ಬಿಡ್ಬೇಕು. ಅದು ಅವನಿಗೂ ಗೊತ್ತು. ನೀನು ಕದಲ್ಬೇಡ.’

ಎಳೆದೆ. ಅವನು ಹಾರ್ನ್ ಹೊಡೆದ. ಬಸ್ಸಿನ ಕಿಟಕಿಗಳಿಂದ ತಲೆಗಳು ಇಣುಕಿದವು, ಯಾರೋ ನಕ್ಕರು. ನಾನು ಸ್ಟಿಯರಿಂಗ್ ಹಿಡಿದು ಅವನ ಮುಖವನ್ನೇ ನೋಡುತ್ತ ಕೂತೆ. ಅಷ್ಟು ಹೊತ್ತು ಒಬ್ಬ ಗಂಡಸಿನ ಮುಖವನ್ನು ನಾನು ದಿಟ್ಟಿಸಿದ್ದು ಅದೇ ಮೊದಲು. ಕೊನೆಗೆ ಬಸ್ಸು ಹಿಂದೆ ಸರಿಯಿತು. ನಾನು ದಾಟಿ ಮೇಲೆ ಹೋದೆ. ತುದಿಯಲ್ಲಿ ಟೀಚರ್, ಎರಡನೇ ಗೇರಲ್ಲಿ ಯಾಕೆ ಇಷ್ಟೊತ್ತು ಅರಚಿಸಿದೆ ಎಂದು ಬೈದರು. ಮರುದಿನ ಇಳಿಜಾರನ್ನು ಶಾಂತಾ ಓಡಿಸಿದಳು.

ಊರಿಗೆ ಬಂದ ಬೆಳಿಗ್ಗೆ ಗಂಡ ಜೇಬಿಗೆ ಕೀಲಿ ಹಾಕಿಕೊಳ್ಳುತ್ತಿದ್ದರು. ನಾನು ಕೈ ಚಾಚಿದೆ. ಅವರು ಆನೆಯ ಮಾತು ತೆಗೆದರು.

‘ಆನೆ ಗಂಡಸು ಹೆಂಗಸು ಅಂತ ನೋಡ್ಕೊಂಡು ಅಡ್ಡ ಬರಲ್ಲ. ಕೀಲಿ ಕೊಡಿ’ ಎಂದೆ. ಕೊಟ್ಟರು.

ಟೀಚರ್ ಹೋದದ್ದು ಕಳೆದ ಮಳೆಗಾಲದಲ್ಲಿ, ಮೂರು ದಿನದ ಜ್ವರದಿಂದ. ಅವರಿಗೆ ಮಕ್ಕಳಿರಲಿಲ್ಲ, ಗಂಡ ಮೊದಲೇ ತೀರಿದ್ದರು. ಅವರ ಮೈದುನ ಅಂಗಳದಲ್ಲಿ ನಿಂತು, ಹೆಂಗಸರು ಮನೆಯಲ್ಲೇ ಇರಿ, ಸ್ಮಶಾನಕ್ಕೆ ನಮ್ಮಲ್ಲಿ ಹೆಂಗಸರು ಬರುವ ಪದ್ಧತಿಯಿಲ್ಲ ಎಂದ. ಅವರಿಂದ ಕಲಿತವರು ಎಷ್ಟು ಜನ ಬಂದಿದ್ದೆವೋ ಎಣಿಸಲಿಲ್ಲ. ರಸ್ತೆಯ ಎರಡೂ ಬದಿ ನಮ್ಮ ಕಾರುಗಳಿದ್ದವು. ಶವದ ವಂಡಿ ಹೊರಟಾಗ ನಾವೂ ಹೊರಟೆವು. ಸ್ಮಶಾನದಲ್ಲಿ ಅವನು ಮತ್ತೊಮ್ಮೆ ಹೇಳಿ ನೋಡಿದ. ಮಳೆ ಶುರುವಾಯಿತು, ಗಂಡಸರು ಒಬ್ಬೊಬ್ಬರಾಗಿ ಮನೆಗೆ ಹೋದರು. ಚಿತೆ ಪೂರ್ತಿ ಉರಿದು ಮುಗಿಯುವವರೆಗೆ ನಾವು ಅಲ್ಲೇ ನಿಂತಿದ್ದೆವು.