ಚಿನ್ನದ ರುಚಿ

ಆ ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಎಲ್ಲರೂ ಆಕೆಯನ್ನು ಚಿನ್ನಕ್ಕ ಎಂದೇ ಕರೆಯುತ್ತಿದ್ದರು. ಮೈಮೇಲೆ ಗುಂಜಿಯಷ್ಟೂ ಚಿನ್ನವಿರಲಿಲ್ಲ. ಐಸ್‌ಕ್ರೀಮಿಗೆ ಚಿನ್ನದ ಹಾಳೆ ಹೊದಿಸುವುದು ಆಕೆಯ ಕೆಲಸವಾಗಿತ್ತು. ಉಸಿರು ತಾಗಿದರೂ ಹರಿದುಹೋಗುವ ಆ ಹಾಳೆಗಳನ್ನು ಬಗ್ಗಿ ಬಗ್ಗಿ ಅಂಟಿಸಿ, ಹನ್ನೊಂದು ವರ್ಷದಲ್ಲಿ ಆಕೆಯ ಕತ್ತೇ ಸೊಟ್ಟಗಾಗಿತ್ತು. ಒಂದು ಬಟ್ಟಲಿನ ಬೆಲೆ ಆಕೆಯ ತಿಂಗಳ ಸಂಬಳದಷ್ಟು.

ಒಂದು ಮಧ್ಯಾಹ್ನ ಗಿರಾಕಿಯೊಬ್ಬರ ಬಟ್ಟಲು ವಾಪಸ್ ಬಂತು. ಹಿಂದೆಯೇ ಮ್ಯಾನೇಜರ್ ಬಂದ.

“ಚಿನ್ನದ ರುಚಿನೇ ಗೊತ್ತಾಗ್ತಿಲ್ಲವಂತೆ ಅಕ್ಕಾ. ಇನ್ನೊಂದು ಹಾಳೆ ಹಾಕಿಕೊಡಿ.”

“ಚಿನ್ನಕ್ಕೆ ಎಲ್ಲಿಯ ರುಚಿ ಸಾರ್? ಹತ್ತು ಹಾಳೆ ಹಾಕಿದ್ರೂ ಅಷ್ಟೇ.”

“ಗಿರಾಕಿ ಹತ್ರ ಹಾಗನ್ನೋಕಾಗುತ್ತಾ?”

ಆಕೆ ಇನ್ನೊಂದು ಹಾಳೆ ಹೊದಿಸಿದಳು. ಬಟ್ಟಲು ಮತ್ತೆ ವಾಪಸ್ ಬಂತು. ಚಿನ್ನಕ್ಕನಿಗೆ ರೋಸಿಹೋಯಿತು. ಪಕ್ಕದ ಡಬ್ಬಿಯಿಂದ ದೊಡ್ಡ ಚಿಟಿಕೆ ಉಪ್ಪು ತೆಗೆದು ಐಸ್‌ಕ್ರೀಮಿಗೆ ಬೆರೆಸಿ, ಮೇಲೆ ಹೊಸ ಹಾಳೆ ಮುಚ್ಚಿ ಕಳಿಸಿದಳು.

ಈ ಸಲ ಮ್ಯಾನೇಜರ್ ಹಲ್ಲು ಕಿರಿಯುತ್ತ ಓಡಿಬಂದ. “ಈಗ ಬಂತು ಅಸಲಿ ಚಿನ್ನದ ರುಚಿ ಅಂದ್ರು! ಇನ್ನೂ ಎರಡು ಬೇಕಂತೆ. ಏನು ಹಾಕಿದ್ರಿ?”

“ಉಪ್ಪು.”

ಅವನು ಅರೆಗಳಿಗೆ ಯೋಚಿಸಿದ. “ನಾಳೆಯಿಂದ ಎಲ್ಲಾದಕ್ಕೂ ಹಾಕಿ. ರೇಟು ಏರಿಸ್ತೀನಿ.”

ಆಕೆ ಹಣೆ ಚಚ್ಚಿಕೊಂಡಳು. ಮರುದಿನ ಬೆಳಿಗ್ಗೆ ಯಾರನ್ನೂ ಕೇಳದೆ ಬ್ರೆಡ್ ಮಾಡುವವರ ಜೊತೆ ಹೋಗಿ ನಿಂತಳು. ಮ್ಯಾನೇಜರ್ ಮೂರು ಸಲ ಕರೆದ.

“ಕೈಯೆಲ್ಲಾ ಹಿಟ್ಟಾಗಿದೆ ಸಾರ್, ನಿಮ್ಮ ಚಿನ್ನ ಕೆಟ್ಟುಹೋಗುತ್ತೆ,” ಎಂದಳು ಚಿನ್ನಕ್ಕ, ತಿರುಗಿಯೂ ನೋಡದೆ.