ಕಾಲು ನೋಡಿ ತಂದ ಕಾರು

ನನಗೆ ಗಂಡನನ್ನು ಆರಿಸಲು ನಮ್ಮ ಮನೆಯವರಿಗೆ ಹಿಡಿದದ್ದು ಒಂದು ಮಧ್ಯಾಹ್ನ. ನನ್ನ ಮೊದಲ ರಿಮೋಟ್ ಕಾರನ್ನು ಆರಿಸಲು ನನಗೆ ಹಿಡಿದದ್ದು ಮೂರು ತಿಂಗಳು. ಗಂಡನಲ್ಲಿ ಕುಂದೇನೂ ಇಲ್ಲ. ಇಷ್ಟು ವರ್ಷ ಹುಡುಕದೆಯೂ ಬಿಟ್ಟಿಲ್ಲ. ಆದರೆ ಆ ಆಯ್ಕೆಯ ಕೀರ್ತಿ ಅಪ್ಪನದು. ನನ್ನ ಓದು, ಕೆಲಸ, ಮದುವೆ ಸೀರೆಯ ಅಂಚು, ಎಲ್ಲವೂ ಅಪ್ಪ ಆರಿಸಿದ್ದೇ. ಎರಡು ಸಾವಿರದ ಇಸವಿ ಆಗತಾನೇ ಕಳೆದಿತ್ತು. ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದ ನಾನು, ಮೂವತ್ತೆಂಟನೆಯ ವಯಸ್ಸಿನಲ್ಲಿ, ಏನಾದರೊಂದನ್ನು ನಾನೇ ಆರಿಸಬೇಕೆಂದು ಹಟ ಹಿಡಿದೆ. ಅದು ಕಾರೇ ಏಕಾಗಬೇಕಿತ್ತೆಂದು ಕೇಳಬೇಡಿ. ಮೈಸೂರಿನ ಮೈದಾನದಲ್ಲಿ ಯಾರೋ ಓಡಿಸುತ್ತಿದ್ದುದನ್ನು ನೋಡಿದೆ, ಹುಚ್ಚು ಹತ್ತಿತು, ಅಷ್ಟೇ.

ಬೆಟ್ಟದಪುರದಲ್ಲಿರುವ ಅಪ್ಪ ಎತ್ತು ಆರಿಸುವುದರಲ್ಲಿ ಸುತ್ತಲ ಹಳ್ಳಿಗಳಿಗೆಲ್ಲ ಹೆಸರುವಾಸಿ. ಟ್ರ್ಯಾಕ್ಟರು ಬಂದ ಮೇಲೂ ಜೋಡಿ ಕೊಳ್ಳುವವರು ಅವರನ್ನು ಕರೆದುಕೊಂಡೇ ಹೋಗುತ್ತಿದ್ದರು. ಅವರ ಜೊತೆ ಹೋಗಲು ತಮ್ಮಂದಿರಿಗೆ ಅವಕಾಶವಿತ್ತು, ನನಗಿರಲಿಲ್ಲ. ಬಂದ ಮೇಲೆ ಅಪ್ಪ ಜಗಲಿಯಲ್ಲಿ ಕೂತು ತಮ್ಮಂದಿರಿಗೆ ಹೇಳಿಕೊಡುತ್ತಿದ್ದುದನ್ನು ಕಂಬದ ಹಿಂದೆ ನಿಂತು ಕೇಳಿಸಿಕೊಂಡದ್ದಷ್ಟೇ ನನ್ನ ಪಾಲು. “ಮೊದ್ಲು ಕಾಲ್ ನೋಡ್ಬೇಕು ಕಣ್ರಲಾ. ಕೊಂಬು, ಬಣ್ಣ ಎಲ್ಲ ಆಮೇಲೆ.”

ಮೂರು ತಿಂಗಳು ಅಲ್ಲಿ ಇಲ್ಲಿ ವಿಚಾರಿಸಿ ಕೊನೆಗೆ ಹೊಕ್ಕ ಮೈಸೂರಿನ ಅಂಗಡಿಯವನು, “ಮಗನಿಗೆ ಎಷ್ಟು ವರ್ಷ ಮೇಡಂ?” ಎಂದ.

“ಕಾರು ನನಗೇ ಕಣಪ್ಪ,” ಎಂದೆ.

ಅವನು ಕೊಂಚ ಸುಧಾರಿಸಿಕೊಂಡು, ಮಿಣಮಿಣ ದೀಪದ ಕೆಂಪು ಕಾರೊಂದನ್ನು ತಂದಿಟ್ಟ. ಸುಳ್ಳೇಕೆ, ಮನಸ್ಸು ಜಾರಿತು. ಅಷ್ಟರಲ್ಲಿ ಕಂಬದ ಹಿಂದಿನ ಪಾಠ ನೆನಪಾಯಿತು. ಬಗ್ಗಿ ನೋಡಿದರೆ ಅದರ ಹೊಟ್ಟೆ ನೆಲದಿಂದ ಎರಡು ಬೆರಳೂ ಮೇಲಿಲ್ಲ. ನಮ್ಮೂರಿನಲ್ಲಿ ಮೊದಲ ಕಲ್ಲಿಗೇ ಕೂರುವ ಜಾತಿ. ಮೂಲೆಯಲ್ಲಿ ಮಣ್ಣಿನ ಬಣ್ಣದ ಒಂದು ಕುರೂಪಿ ಇತ್ತು. ದಪ್ಪ ಗಾಲಿ, ಒಂದೊಂದು ಗಾಲಿಗೂ ಬೇರೆ ಸ್ಪ್ರಿಂಗು. ಬೆನ್ನು ಅದುಮಿದೆ, ತಗ್ಗಿ ಎದ್ದಿತು. ಗಾಲಿ ಮುರಿದರೆ, ಹಲ್ಲುಚಕ್ರ ಸವೆದರೆ ಬಿಡಿಯಾಗಿ ಸಿಗುತ್ತದೆಯೇ ಎಂದು ಕೇಳಿದೆ. ಕೆಂಪು ಕಾರಿಗೆ ಸಿಗುವುದಿಲ್ಲ, ಇದಕ್ಕೆ ಸಿಗುತ್ತದೆ. “ಓಟ ಮಾತ್ರ ಸ್ವಲ್ಪ ಕಮ್ಮಿ ಮೇಡಂ,” ಎಂದ. ಹೊಸಬಳಿಗೆ ಅದೂ ಒಳ್ಳೆಯದೇ ಎಂದುಕೊಂಡು ಕುರೂಪಿಯನ್ನೇ ಕಟ್ಟಿಸಿಕೊಂಡೆ.

ಭಾನುವಾರ ಅದನ್ನು ಬೆಟ್ಟದಪುರಕ್ಕೆ ಒಯ್ದು ಅಂಗಳದಲ್ಲಿ ಓಡಿಸಿದೆ. ಕಾರು ನಮ್ಮಿಂದ ದೂರ ಹೋಗುವಾಗ ಎಲ್ಲ ಸರಿ. ತಿರುಗಿ ನಮ್ಮ ಕಡೆ ಬರುವಾಗ ಅದರ ಎಡ ನಮಗೆ ಬಲ. ಕನ್ನಡಿಯಲ್ಲಿ ಎಡಬಲ ಅದಲುಬದಲಾಗುವುದನ್ನು ವರ್ಷವರ್ಷವೂ ಮಕ್ಕಳಿಗೆ ಬಾಯಿಪಾಠ ಮಾಡಿಸಿದವಳು ನಾನು. ಆದರೂ ಕಾರು ನೇರವಾಗಿ ಅವ್ವ ಒಣಹಾಕಿದ್ದ ಮೆಣಸಿನಕಾಯಿಯ ಮೇಲೆ ಹತ್ತಿತು.

ಅಪ್ಪ ನಕ್ಕರು. “ಅಂಗಳ್ದಲ್ಲಿ ಯಾವ್ದಾದ್ರೂ ಓಡ್ತದೆ ಕಣವ್ವ. ಉತ್ತಿರೋ ಒಲಕ್ಕೆ ಬುಡು, ನೋಡಾನ.”

ಅಲ್ಲಿ ಸಿಕ್ಕಿಕೊಂಡರೆ, ಇವಳಿಗೆ ಆರಿಸಲು ಬರುವುದಿಲ್ಲ ಎಂಬುದು ಈ ಜನ್ಮಕ್ಕೆ ತೀರ್ಮಾನವಾದಂತೆ. ಬಿಟ್ಟೆ. ಮೊದಲ ಸಾಲು ದಾಟಿತು. ಎರಡನೆಯದರಲ್ಲಿ ಒಂದು ಪಕ್ಕಕ್ಕೆ ವಾಲಿತು, ಮಣ್ಣಿನ ಹೆಂಟೆ ಹತ್ತಿ ಇಳಿಯಿತು. ಹೊಗೆಸೊಪ್ಪು ಹದಮಾಡುವ ಬ್ಯಾರನ್ ಕಟ್ಟಡದ ಗೋಡೆಯವರೆಗೂ ಹೋಗಿ, ಈ ಸಲ ಎಡಬಲ ತಪ್ಪದೆ ಮರಳಿ ಬಂತು.

ಅಪ್ಪ ಅದನ್ನು ಎತ್ತಿಕೊಂಡರು. ಹೊಟ್ಟೆ ನೋಡಿದರು, ಒಂದೊಂದೇ ಗಾಲಿ ಅಲ್ಲಾಡಿಸಿದರು, ಬೆನ್ನ ಮೇಲೆ ಅಂಗೈ ಇಟ್ಟು ಅದುಮಿದರು. ನಾನು ಫಲಿತಾಂಶ ಕಾಯುವ ವಿದ್ಯಾರ್ಥಿನಿಯಾಗಿ ನಿಂತಿದ್ದೆ.

ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ಹೊಲದವನು ಕೇಳಿದ, “ಏನಣ್ಣ, ಮೊಮ್ಮಗಂಗಾ?”

“ಇಲ್ಲ ಕಣ್ಲಾ, ನನ್ ಮಗಳ್ದು. ಅವ್ಳೇ ಕಾಲ್ ನೋಡಿ ತಂದವ್ಳೆ.”

ಕಾಲು ನೋಡಿದೆನೆಂದು ನಾನು ಹೇಳಿರಲೇ ಇಲ್ಲ. ಕಾರನ್ನು ಇಸಿದುಕೊಂಡು, ಗಾಲಿಗೆ ಮೆತ್ತಿದ್ದ ಮಣ್ಣನ್ನು ಸೆರಗಿನಲ್ಲೇ ಒರೆಸಿದೆ.

ಸಂಜೆ ಬಸ್ಸು ಹತ್ತಿಸಲು ಬಂದ ಅಪ್ಪ ಎಲ್ಲೋ ನೋಡುತ್ತಾ, “ಬರೋ ವಾರ ಎತ್ ನೋಡಾಕ್ ಓಯ್ತಾ ಇವ್ನಿ. ನೀನೂ ಬಾರವ್ವ,” ಎಂದರು.

ಹೋದೆ. ದನದ ಸಂತೆಯಲ್ಲಿ ಅಷ್ಟು ಗಂಡಸರ ನಡುವೆ ಸೀರೆ ಉಟ್ಟವಳು ನಾನೊಬ್ಬಳೇ. ಕೊಂಬಿಗೆ ಕೆಂಪು ಬಣ್ಣ ಬಳಿದಿದ್ದ ಜೋಡಿಯೊಂದನ್ನು ಎಲ್ಲರೂ ಕಣ್ಣರಳಿಸಿ ನೋಡುತ್ತಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು ಕಾಲುಗಳ ಬಳಿ ಕುಕ್ಕರುಗಾಲಲ್ಲಿ ಕೂತೆ.