ಅಮ್ಮ ಹೂ ಕೊಡದ ಮಂಗಳವಾರ

ನನಗೆ ಶ್ವಾಸಕೋಶದ ಕ್ಯಾನ್ಸರ್ ಎಂದಾಗ ನಾನು ನಂಬಲೇ ಇಲ್ಲ. ಬೀಡಿ ಸಿಗರೇಟು ಮುಟ್ಟಿದವಳಲ್ಲ, ಮನೆಯಲ್ಲಿ ಸೇದುವವರೂ ಇಲ್ಲ. ಯುಗಾದಿಯಿಂದ ಬಿಡದ ಕೆಮ್ಮಿಗೆ ಕಷಾಯ ಕುಡಿದು ಸಾಕಾಗಿ ಹೆಬ್ಬಾಳದ ಆಸ್ಪತ್ರೆಗೆ ಹೋದರೆ ಈ ಮಾತು! ಕೊಡಿಗೇಹಳ್ಳಿಗೆ ವಾಪಸು ಬರುವ ಬಸ್ಸಿನಲ್ಲಿ ನಮ್ಮ ಯಜಮಾನರು ಆಸ್ಪತ್ರೆಯ ಚೀಟಿಯನ್ನೇ ತಿರುವಿ ತಿರುವಿ ನೋಡುತ್ತಿದ್ದರು.

ಗಡ್ಡೆಯ ಚೂರನ್ನು ಜೀನ್ ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬರುವ ತನಕ ಊಟ ಸೇರದೆ ಕಡ್ಡಿಯಾದೆ. ಕೊನೆಗೆ ಡಾಕ್ಟರಮ್ಮ, "ನಿಮ್ಮ ಗಡ್ಡೆಯ ಜೀನ್‌ನಲ್ಲಿ ಒಂದು ಬದಲಾವಣೆ ಇದೆ. ಅದನ್ನೇ ಹಿಡಿದು ತಡೆಯೋ ಮಾತ್ರೆ ಇದೆ. ಎಲ್ರಿಗೂ ಆಗಲ್ಲ, ನಿಮಗೆ ಕೊಡಬಹುದು. ದಿನಾ ಒಂದು, ತಪ್ಪಿಸ್ಬಾರ್ದು" ಎಂದರು. ಅದರಿಂದ ಮೈಗೆ ಏನೇನಾಗಬಹುದು ಎಂದೂ ಆಗಲೇ ಹೇಳಿದ್ದರೋ ಏನೋ, ಭಯದಲ್ಲಿ ನನ್ನ ಕಿವಿಗೆ ಬಿದ್ದಿರಲಿಲ್ಲ.

ಎರಡು ವಾರ ಆಗುತ್ತಿದ್ದಂತೆ ಮುಖ, ಎದೆ, ಬೆನ್ನಿನ ತುಂಬ ಕೆಂಪು ಗುಳ್ಳೆಗಳು ಎದ್ದವು. ನಮ್ಮತ್ತೆ ನೋಡಿದವರೇ ಕೈಮುಗಿದರು. "ಅಮ್ಮ ಬಂದವ್ಳೆ ಕಣವ್ವ. ಇಂಗಿರೋವಾಗ ಮಾತ್ರೆ ಗೀತ್ರೆ ನುಂಗಿದ್ರೆ ಮುನಿಸ್ಕೊತಾಳೆ." ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಮನೆಯಲ್ಲಿ ಒಗ್ಗರಣೆ ಹಾಕುವುದು ನಿಂತಿತು, ನನ್ನ ಮಾತ್ರೆಯೂ ನಿಂತಿತು.

ಅತ್ತ ದರಿ, ಇತ್ತ ಪುಲಿ. ನುಂಗಿದರೆ ಅಮ್ಮನ ಕೋಪ, ಬಿಟ್ಟರೆ ಗಡ್ಡೆ ಬೆಳೆಯುತ್ತದೆ. ಒಂದೊಂದು ಸಲ ಕೆಮ್ಮು ಬಂದಾಗಲೂ ಇದೇ ಕೊನೆ ಎಂದು ನಡುಗುತ್ತಿದ್ದೆ.

ಮಂಗಳವಾರ ಬೇವು, ಅರಿಶಿನದ ನೀರು ಹುಯ್ಯಿಸಿಕೊಂಡು, ಅಮ್ಮನಿಗೆ ಮೊಸರನ್ನದ ತಂಪಿನ ಎಡೆ ಹಿಡಿದು ಎಲ್ಲರೂ ಮಾರಮ್ಮನ ಗುಡಿಗೆ ಹೋದೆವು. "ತಾಯಿ, ಮಾತ್ರೆ ನುಂಗು ಅನ್ನೋದಾದ್ರೆ ಬಲಗಡೆ ಹೂ ಕೊಡು, ಬೇಡ ಅನ್ನೋದಾದ್ರೆ ಎಡಗಡೆ ಕೊಡು" ಎಂದು ಬೇಡಿಕೊಂಡೆ. ಪೂಜಾರಪ್ಪನವರು ಮತ್ತೆ ಮತ್ತೆ ಮಂಗಳಾರತಿ ಎತ್ತಿದರು. ಒಂದು ಎಸಳೂ ಅಲುಗಲಿಲ್ಲ. ಅಮ್ಮನೂ ನನ್ನ ಕೈಬಿಟ್ಟಳು ಎಂದು ಅಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತುಬಿಟ್ಟೆ.

ಆಗ ಯಜಮಾನರ ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಆಸ್ಪತ್ರೆಯ ನರ್ಸ್, ಮಾತ್ರೆ ಹೇಗೆ ಒಗ್ಗುತ್ತಿದೆ ಎಂದು ವಿಚಾರಿಸಲು ಮಾಡಿದ್ದಳು. ಇವರು ವಿಷಯ ಹೇಳಿದ ಕೂಡಲೇ ಗದರಿದಳು.

"ಅಯ್ಯೋ ಸರ್, ಅದು ಅಮ್ಮ ಅಲ್ಲ! ಆ ಮಾತ್ರೆ ತಗೊಂಡ್ರೆ ಸುಮಾರು ಜನಕ್ಕೆ ಹಂಗೇ ಗುಳ್ಳೆ ಏಳುತ್ತೆ. ಅದಕ್ಕೂ ಔಷಧಿ ಇದೆ. ಈಗ್ಲೇ ಕರ್ಕೊಂಡ್ ಬನ್ನಿ."

ನಮ್ಮತ್ತೆ ಗರ್ಭಗುಡಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಗುಡೀಲೇ ಪೋನ್ ಬಂತಲ್ಲ, ಅವ್ಳೇ ಮಾಡ್ಸಿರ್ಬೇಕು. ಓಗ್ ಬಾ" ಎಂದರು. ಅರಿಶಿನದ ಮುಖದಲ್ಲೇ ಆಟೋ ಹತ್ತಿದೆ. ಡಾಕ್ಟರಮ್ಮ ಗುಳ್ಳೆಗಳಿಗೆ ಮುಲಾಮು ಬರೆದುಕೊಟ್ಟು, ಮಾತ್ರೆಯನ್ನು ಮತ್ತೆ ಶುರು ಮಾಡಿಸಿದರು.

ಮೊನ್ನೆಯ ಸ್ಕ್ಯಾನಿನಲ್ಲಿ ಗಡ್ಡೆ ಚೆನ್ನಾಗಿ ಕುಗ್ಗಿದೆ. ಪೂರ್ತಿ ವಾಸಿಯಾಯಿತು ಎಂದಲ್ಲ. ಮಾತ್ರೆ ಎಷ್ಟು ಕಾಲ ಕೆಲಸ ಮಾಡುತ್ತದೋ ಹೇಳಲಾಗದು ಎಂದು ಡಾಕ್ಟರಮ್ಮ ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. ಹೆದರಿಕೆ ಇದ್ದೇ ಇದೆ. ಭಕ್ತರೇ, ನಿಮ್ಮ ಮನೆಯಲ್ಲೂ ಹೀಗಾದರೆ ಅಮ್ಮನಿಗೆ ಧಾರಾಳವಾಗಿ ಕೈಮುಗಿಯಿರಿ, ಅದಕ್ಕೂ ಮೊದಲು ಆಸ್ಪತ್ರೆಗೊಂದು ಫೋನ್ ಮಾಡಿ.

ಅಂದು ಅವಳು ಎಡಗಡೆ ಹೂ ಕೊಟ್ಟಿದ್ದರೆ ಮಾತ್ರೆ ಬೇಡವೆಂದೇ ತೀರ್ಮಾನವಾಗಿ, ನಾವು ಆಸ್ಪತ್ರೆಯ ಆ ಫೋನನ್ನೇ ಎತ್ತುತ್ತಿರಲಿಲ್ಲ. ಏನೂ ಕೊಡದೆ ನನ್ನನ್ನು ಉಳಿಸಿದಳು. ಆ ತಾಯಿಗೆ ನನ್ನ ಉಸಿರಿರುವ ತನಕ ನಮಸ್ಕಾರ.